ತಪ್ಪೊಪ್ಪಿಗೆಯ ಬದಲು

ಮುಖ್ಯಗುರುಗಳಿಗೆ,

ಟೆಂಟು ಬೇಕಾದರೆ ತಪ್ಪೊಪ್ಪಿಗೆ ಬರೆದುಕೊಡು ಎಂದಿರಿ. ನಿಮ್ಮ ಶಾಲೆಯ ಎದುರಿನ ಚಹಾದ ಅಂಗಡಿಯಲ್ಲಿ ಕುಳಿತು ಬರೆಯುತ್ತಿದ್ದೇನೆ.

ಸೈಕಲ್ ಮೇಲೆ ಊರೂರು ಸುತ್ತುವವಳು ನಾನು; ಬೀದರದಿಂದ ಭಾಲ್ಕಿ ದಾಟುವವರೆಗೂ ಮಳೆಯಲ್ಲೇ ತುಳಿದೆ. ಮಳೆಯ ರಜೆ ಕೊಟ್ಟಿದ್ದರಿಂದ ಶಾಲೆಯ ಕಟ್ಟೆ ಖಾಲಿ ಇತ್ತು. ಕೇಳದೆ ಟೆಂಟು ಕಟ್ಟಿದ್ದು ನನ್ನ ತಪ್ಪು, ಒಪ್ಪುತ್ತೇನೆ.

ಆಮೇಲೆ ನೀವು ಬಂದು ಟೆಂಟು ಬಿಚ್ಚಿಸಿ, "ಎಷ್ಟು ಓದೀದಿ?" ಎಂದು ಕೇಳಿದಿರಿ. "ಒಂಬತ್ತನೇತ್ತಕ್ಕ ಬಿಟ್ಟೀನ್ರಿ" ಎಂದೆ. "ಸಾಲಿ ಬಿಟ್ಟಾಕಿಗಿ ಸಾಲಿ ಕಟ್ಟಿ ಯಾಕ ಬೇಕವಾ?" ಎಂದು ನಕ್ಕು, ಹಸಿ ಟೆಂಟನ್ನು ಕೋಣೆಗೆ ಎಸೆದು ಬೀಗ ಹಾಕಿದಿರಿ. ಆ ನಗೆಯನ್ನು ನಾನು ಕ್ಷಮಿಸುವುದಿಲ್ಲ.

"ಇನ್ನೊಮ್ಮೆ ಹೀಗೆ ಮಾಡುವುದಿಲ್ಲ" ಎಂದು ಬರೆದರೆ ಸುಳ್ಳಾಗುತ್ತದೆ. ನಾಳೆಯೂ ಮಳೆಯಂತೆ; ಔರಾದದ ದಾರಿಯಲ್ಲೂ ಶಾಲೆಗಳಿವೆ. ಟೆಂಟು ಕೊಡಿ. ಕೊಡದಿದ್ದರೂ ಇವತ್ತು ನಿಮ್ಮ ಕಟ್ಟೆಯ ಮೇಲೆಯೇ ಮಲಗುತ್ತೇನೆ.

ಉತ್ತರಕ್ಕೆ ಕಾದಿರುವ,
ಮುಕ್ತಾ