ಓವಿದಿಯೋ ಹೆಸರಿನ ಚೀಟಿ

ಸೆಪ್ಟೆಂಬರ್ 1

ಇವತ್ತೂ ಮೆಟ್ರೋದಲ್ಲಿ ನಿಂತೇ ಬಂದೆ. ಮೆದೆಯೀನ್ ಊರಿನ ಅರ್ಧ ಜನ ಅದೇ ಡಬ್ಬಿಯಲ್ಲಿ. ನಾಲ್ಕು ವರ್ಷಕ್ಕೆ ಇದು ಐದನೆಯ ಆಫೀಸು. ಈ ವಿಮಾ ಕಂಪನಿ ಸೇರಿ ವರ್ಷವೂ ಆಗಿಲ್ಲ, ಆಗಲೇ ಬಿಟ್ಟು ಹೋಗಲು ಕಾಲು ತುರಿಸುತ್ತಿದೆ…

ಚೀಟಿ ಎತ್ತಿದೆವು. ಇಲ್ಲಿನ ಎಲ್ಲ ಆಫೀಸುಗಳಲ್ಲೂ ಪ್ರತಿ ಸೆಪ್ಟೆಂಬರಿನ ಆಟ, 'ಗುಟ್ಟಿನ ಗೆಳೆಯ': ಯಾರ ಹೆಸರು ಬಂತೋ ಅವರ ಮೇಜಿನ ಮೇಲೆ ದಿನವೂ ಕದ್ದು ಒಂದು ಸಿಹಿ ಇಡಬೇಕು. ಹದಿನೈದರ ಶುಕ್ರವಾರ ಉಡುಗೊರೆ ಕೊಟ್ಟು "ನಾನೇ" ಎನ್ನಬೇಕು. ನನಗೆ ಬಂದದ್ದು ಆಫೀಸಿನ ಹಿರಿಯರು, ದೋನ್ ಓವಿದಿಯೋ. ಹತ್ತೊಂಬತ್ತು ವರ್ಷದಿಂದ ಅದೇ ಕುರ್ಚಿ. ದೇವರೇ, ಹೇಗೆ ಕೂರುತ್ತಾರೆ!

ಸೆ. 5

ನನ್ನ ಮೇಜಿನ ಮೇಲೆ ಸಿಹಿಯಲ್ಲ — ಉಪ್ಪು, ನಿಂಬೆಹುಳಿ ಹಚ್ಚಿದ ಮಾವಿನಕಾಯಿ ಹೋಳು! ನಾನು ಸಿಹಿ ಮುಟ್ಟುವುದಿಲ್ಲ ಎಂದು ಯಾರೋ ಗಮನಿಸಿದ್ದಾರೆ. ಐದು ಆಫೀಸಿನಲ್ಲಿ ಇದೇ ಮೊದಲು. ಖುಷಿಯಾಯಿತು, ಸುಳ್ಳೇಕೆ.

"ಯಾರೇ ಇಟ್ಟಿದ್ದು?" ಪಕ್ಕದ ಮೇಜಿನ ಮರ್ಲೇನಿಯನ್ನು ಕೇಳಿದೆ.

"ಹದಿನೈದರ ತನಕ ಬಾಯಿ ಮುಚ್ಕೊಂಡಿರು. ನಿಂಗೆ ಯಾವುದಕ್ಕೂ ತಾಳ್ಮೆ ಇಲ್ಲ ಕಣೇ!"

ಓವಿದಿಯೋ ಅವರಿಗೆ ಸೀಬೆಹಣ್ಣಿನ ಹಲ್ವ ಇಟ್ಟೆ. ಸುತ್ತ ನೋಡಿದರು, ಒಬ್ಬರೇ ನಕ್ಕರು. ಸುತ್ತಿದ ಕಾಗದವನ್ನೂ ಮಡಿಸಿ ಜೇಬಿಗೆ ಹಾಕಿಕೊಂಡರು.

ಸೆ. 7

ಕೆಲಸ ಕೊಡಿಸುವ ಏಜೆನ್ಸಿಯ ಹುಡುಗಿಯ ಫೋನ್. ಬ್ಯಾಂಕು, ಹೆಚ್ಚು ಸಂಬಳ, ಸೋಮವಾರವೇ ಸೇರಬೇಕು. ಎದೆ ಢವಢವ. ನನಗೆ ಬೇಕಾದದ್ದು ಕೆಲಸವಲ್ಲ, ಈ ಢವಢವವೇ ಏನೋ.

ಅಮ್ಮ ಅರೆಪಾ ರೊಟ್ಟಿ ತಿರುವಿ ಹಾಕುತ್ತಾ ಅಂದಳು: "ಹೋಗು ಆಸ್ಟ್ರಿಡ್, ಹೋಗು ತಾಯಿ. ಕೋಳೀನೂ ಕಾವಿಗೆ ಕೂತ್ರೆ ಮರಿ ಆಗೋ ತನಕ ಏಳಲ್ಲ. ನೀನು ಅದಕ್ಕಿಂತ ಜಾಣೆ."

ರೊಟ್ಟಿ ತಿಂದೆ. ಏಜೆನ್ಸಿಗೆ ಹೂಂ ಅಂದೆ.

ಸೆ. 8

ರಾಜೀನಾಮೆ. ಮರ್ಲೇನಿ ತಬ್ಬಿಕೊಂಡಳು. ಒಂದು ಮಾತೂ ಬೈಯಲಿಲ್ಲ. ಅದೇ ಸಂಕಟ.

ಸೆ. 15, ಸಂಜೆ

ಬ್ಯಾಂಕಿನಲ್ಲಿ ನಾನು ಬರುವ ಮೊದಲೇ ಚೀಟಿ ಎತ್ತಿದ್ದರು. ಇವತ್ತು ಎಲ್ಲರೂ ಉಡುಗೊರೆ ಬಿಚ್ಚಿದರು. ನಾನು ಫೋಟೋ ತೆಗೆದುಕೊಟ್ಟೆ.

ಆಮೇಲೆ ಮರ್ಲೇನಿಯ ಫೋನ್. "ಮಾವಿನಕಾಯಿ ಇಟ್ಟೋಳು ನಾನೇ ಕಣೇ. ನಿನ್ ಉಡುಗೊರೆ ನನ್ ಹತ್ರಾನೇ ಬಿದ್ದಿದೆ. ಅದಿರ್ಲಿ, ನಿನ್ ಚೀಟಿ ಯಾರಿಗೆ ಕೊಟ್ಟು ಹೋದೆ?"

ಚೀಟಿ! ಪರ್ಸಿನಲ್ಲೇ ಇದೆ. ಹೆಸರು ಹೇಳಿದೆ.

"ಅಯ್ಯೋ ಪಾಪಿ! ಈ ವಾರ ಪೂರ್ತಿ ಬಂದವರೇ ಮೇಜು ನೋಡ್ತಿದ್ರು. ಇವತ್ತು ಎಲ್ಲರ ಸರದಿನೂ ಆಯ್ತು, ಅವರೊಬ್ಬರೇ ಬರಿಗೈಲಿ ನಿಂತಿದ್ರು. 'ನನ್ ಗುಟ್ಟಿನ ಗೆಳೆಯನಿಗೆ ಹುಷಾರಿಲ್ವೇನೋ, ಪಾಪ' ಅಂದ್ರು ಕಣೇ."

ನಾಚಿಕೆಯಾಯಿತು.

ಸೆ. 18, ಸಂಜೆ ಐದೂವರೆ

ಹಳೆಯ ಆಫೀಸಿನ ಎದುರಿನ ಬೆಂಚು. ಮಡಿಲಲ್ಲಿ ಉಡುಗೊರೆಯ ದಿಂಬು — ಓವಿದಿಯೋ ಅವರ ಕುರ್ಚಿಗೆ. "ನಾನೇ" ಎಂದರೆ ಸಾಕು. ಅಷ್ಟೂ ಬಾಯಿಗೆ ಬರುತ್ತಿಲ್ಲ.

ಏಜೆನ್ಸಿಯ ಹುಡುಗಿ ಎರಡು ಸಲ ಫೋನ್ ಮಾಡಿದಳು. ಎತ್ತಲಿಲ್ಲ. ಮೆಸೇಜು ಹಾಕಿದ್ದಾಳೆ: ಇದಕ್ಕಿಂತ ಒಳ್ಳೆಯ ಜಾಗವಂತೆ, ಈಗಲೇ ಹೇಳಬೇಕಂತೆ. ಹಾಳು ಎದೆ ಮತ್ತೆ ಶುರು ಮಾಡಿದೆ.

ಗೇಟು ತೆರೆಯಿತು. ಓವಿದಿಯೋ. ನನ್ನನ್ನು ನೋಡಿಲ್ಲ, ಮೆಟ್ರೋ ಕಡೆ ತಿರುಗಿದರು. ಮತ್ತೆ ಏಜೆನ್ಸಿಯ ಫೋನು ಬಡಿದುಕೊಳ್ಳುತ್ತಿದೆ. ಮೊದಲು ಇವರೋ, ಆ ಫೋನೋ—