ಮೀನಿನ ಸಾರಿನ ಭಾನುವಾರ

ಏಪ್ರಿಲ್ 14
ಸರೋವರದ ಮನೆ

ತೈಮಿ ಮಗಳೇ,

ನಿನಗೆ ದೇವರ ಸಮಾಧಾನವಿರಲಿ. ಇದನ್ನು ಓದಿ ನೀನು ಮುಖ ಸಿಂಡರಿಸುತ್ತೀಯೆಂದು ಗೊತ್ತು. ಹೆಲ್ಸಿಂಕಿಗೆ ಹೋದ ಮೇಲೆ ಸಭೆಯನ್ನೂ ಬಿಟ್ಟೆ, ಈ ವಂದನೆಯನ್ನೂ ಬಿಟ್ಟೆ. ನನಗೆ ಬೇರೆ ತರಹ ಶುರುಮಾಡಲು ಬರುವುದಿಲ್ಲ.

ಸರೋವರದ ಮಂಜುಗಡ್ಡೆ ಒಡೆದು ನಿನ್ನ ತಮ್ಮ ಔಲಿಸ್ ಮುಳುಗಿಹೋಗಿ ನಾಳೆಗೆ ಒಂದು ವರ್ಷ. ಅಂದಿನಿಂದ ನನಗೆ ಅಳು ಬರುವುದಿಲ್ಲ, ಹಸಿವೂ ಇಲ್ಲ. ಕೀರ್ತನೆ ಹಾಡುವಾಗ ಬಾಯಿ ಅಲ್ಲಾಡುತ್ತದೆ, ಅಷ್ಟೇ. ಆದರೂ ಪಾಪಕ್ಷಮೆಯ ಮಾತು ಕೇಳಲು ಜನ ನನ್ನ ಹತ್ತಿರವೇ ಬರುತ್ತಾರೆ. ನಮ್ಮಲ್ಲಿ ಆ ಮಾತನ್ನು ವಿಶ್ವಾಸಿಗಳು ಯಾರು ಬೇಕಾದರೂ ಹೇಳಬಹುದು. ಆದರೆ ನಿನ್ನಮ್ಮ ಲೆಂಪಿ ಹೇಳಿದರೆ ಎದೆ ಹಗುರವಾಗುತ್ತದಂತೆ, ಅದು ಪವಿತ್ರಾತ್ಮ ಕೊಟ್ಟ ವರವಂತೆ. ಇನ್ನು ಈ ಸೇವೆ ನನ್ನಿಂದಾಗದು, ಒಣ ಕಟ್ಟಿಗೆಯಂತಾಗಿದ್ದೇನೆ ಎಂದು ಬೋಧಕ ವಿಲ್ಹೊ ಅವರಿಗೆ ಹೇಳಿದೆ. "ನಲ್ಲಿಗೆ ಬಾಯಾರಿಕೆ ಆಗ್ಬೇಕಾ ಲೆಂಪಿ? ನೀರು ಬಂದ್ರೆ ಸಾಕಲ್ವಾ," ಎಂದು ನಕ್ಕು ಇನ್ನೊಂದು ಕಪ್ ಕಾಫಿ ಕೇಳಿದರು.

ಕಳೆದ ಭಾನುವಾರ ಪ್ರಾರ್ಥನಾ ಮಂದಿರದ ಅಡುಗೆಮನೆಯಲ್ಲಿ ಕಪ್ಪುಗಳನ್ನು ತೊಳೆಯುತ್ತಿದ್ದೆ. ನೆರೆಮನೆಯ ಎಯ್ನಾರಿ ಬಂದು ನಿಂತ. ವರ್ಷದಿಂದ ಅವನು ಆ ಕಡೆ ಸುಳಿದಿರಲಿಲ್ಲ. ಟೋಪಿ ಹಿಂಡುತ್ತ ಹೇಳಿದ: "ಅಕ್ಕಾ, ಮಂಜುಗಡ್ಡೆ ಗಟ್ಟಿ ಇದೆ, ಧೈರ್ಯವಾಗಿ ಹೋಗು ಅಂತ ಔಲಿಸ್‌ಗೆ ನಾನೇ ಹೇಳಿದ್ದು. ನನ್ನನ್ನ ಕ್ಷಮಿಸೋಕಾಗುತ್ತಾ?"

ಕೇಳಿದವರಿಗೆ ಇಲ್ಲವೆನ್ನುವ ರೂಢಿ ನಮ್ಮಲ್ಲಿಲ್ಲ. ಸೋಪಿನ ಕೈಯನ್ನೇ ಅವನ ಹೆಗಲ ಮೇಲಿಟ್ಟು, ಯೇಸುವಿನ ನಾಮದಲ್ಲಿ, ಆತನ ರಕ್ತದಲ್ಲಿ ನಿನ್ನ ಪಾಪಗಳೆಲ್ಲ ಕ್ಷಮಿಸಲ್ಪಟ್ಟಿವೆ, ನಂಬು ಎಂದೆ. ಅಷ್ಟು ದೊಡ್ಡ ಗಂಡಸು ಬಿಕ್ಕಿಬಿಕ್ಕಿ ಅತ್ತ. ತೊಳೆಯುವ ನೀರು ಆರಿಹೋಯಿತು, ಮತ್ತೆ ಕಾಯಿಸಬೇಕು ಎಂದಷ್ಟೇ ನನಗೆ ಅನ್ನಿಸಿದ್ದು.

ಕಣ್ಣೊರೆಸಿಕೊಂಡು ಅವನು ರೂಢಿಯಂತೆ ಕೇಳಿದ: "ನಿಮ್ಗೂ ಏನಾದ್ರೂ ಭಾರ ಇದೆಯಾ ಅಕ್ಕಾ? ಇದ್ರೆ ಹೇಳಿ, ನಾನೂ ಆ ಮಾತು ಹೇಳ್ತೀನಿ." ಏನೂ ಇಲ್ಲ ಎಂದೆ. ಎರಡು ಏಲಕ್ಕಿ ಬನ್ನು ತಿಂದು ಹೋದ. ಮಗನನ್ನು ಕಳೆದುಕೊಂಡೂ ಎಂಥ ದೊಡ್ಡ ಮನಸ್ಸು ಮಾಡಿದಳು ಎಂದು ಈಗ ಊರೆಲ್ಲ ಹೊಗಳುತ್ತಿದೆ.

ಉಣ್ಣೆಯ ಕಾಲುಚೀಲ ಹೆಣೆದು ಮುಗಿಯಿತು, ಇದರ ಜೊತೆಗೇ ಇಟ್ಟಿದ್ದೇನೆ. ಒಂದು ಕಾಲಿನದು ಸ್ವಲ್ಪ ದೊಡ್ಡದಾಗಿದೆ.

ನಿನ್ನ ಅಮ್ಮ,
ಲೆಂಪಿ

ವಿ.ಸೂ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಎಯ್ನಾರಿಯ ಮಾತನ್ನು ಔಲಿಸ್ ನಂಬಿರಲಿಲ್ಲ. ಮಂಜುಗಡ್ಡೆಯ ಬಣ್ಣ ಸರಿಯಿಲ್ಲ, ಅದರ ಕೆಳಗೆ ಹಾಕಿದ ಮೀನಿನ ಬಲೆ ಹೋದರೆ ಹೋಗಲಿ ಅಮ್ಮಾ ಎಂದ. "ಭಾನುವಾರ ಕೂಟಕ್ಕೆ ನಲವತ್ತು ಜನ ಬರ್ತಾರೆ, ಮೀನಿನ ಸಾರು ನನ್ನದು ಅಂತ ಒಪ್ಪಿಕೊಂಡಿದ್ದೀನಿ. ಎಯ್ನಾರಿಗಿಲ್ಲದ ಹೆದರಿಕೆ ನಿಂಗ್ಯಾಕೋ?" ಎಂದವಳು ನಾನು. ರಜೆಗೆ ಬಂದಿದ್ದ ನೀನು ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತಿದ್ದೆ, ಎಲ್ಲ ಕೇಳಿಸಿಕೊಂಡೆ. ಆಮೇಲೆ ಯಾರಿಗೂ ಹೇಳಲಿಲ್ಲ, ಮನೆಗೂ ಬರಲಿಲ್ಲ. ಸಭೆ ಬಿಟ್ಟವರು ಹೇಳಿದರೆ ಪಾಪಕ್ಷಮೆಯ ಮಾತಿಗೆ ಬಲವಿಲ್ಲ ಎನ್ನುತ್ತಾರೆ ವಿಲ್ಹೊ. ಇಲ್ಲದಿದ್ದರೂ ಸರಿ, ಅದನ್ನು ನನಗಾಗಿ ನಿನ್ನ ಕೈಯಲ್ಲಿ ಒಂದು ಸಾಲಾಗಿ ಬರೆದು ಕಳಿಸು, ತೈಮಿ.