ತಂಬಾಕು ತಿನ್ನದ ಬಾಯಿಗೆ ನಿಮ್ಮ ಅರ್ಜಿಯಲ್ಲಿ ಜಾಗವಿಲ್ಲವೇ?

ಬಾಯಿ ಕ್ಯಾನ್ಸರ್ ಚಿಕಿತ್ಸಾ ನೆರವಿನ ಕಚೇರಿಯ ಮುಖ್ಯಾಧಿಕಾರಿಗಳೇ,

ನನ್ನ ತಂಗಿ ಹುಟ್ಟಿದಾಗಿನಿಂದ ತಂಬಾಕು ಮುಟ್ಟಿದವಳಲ್ಲ. ಆದರೂ ಮುಂದಿನ ಸೋಮವಾರದಿಂದ ಆರು ವಾರ ಅವಳು ತಂಬಾಕು ಬಿಡಿಸುವ ತರಗತಿಗೆ ಹಾಜರಾಗಬೇಕಂತೆ. ಅದರ ಪ್ರಮಾಣಪತ್ರ ತಂದ ಮೇಲೆಯೇ ಶಸ್ತ್ರಚಿಕಿತ್ಸೆಗೆ ಹಣ ಎಂದು ನಿಮ್ಮ ಕಚೇರಿ ಆದೇಶಿಸಿದೆ. ಇದ್ದುದನ್ನು ಬಿಡಬಹುದು ಸ್ವಾಮಿ, ಇಲ್ಲದ್ದನ್ನು ಬಿಡುವುದು ಹೇಗೆ? ಆ ವಿದ್ಯೆಯನ್ನು ದಯವಿಟ್ಟು ತಾವೇ ಕಲಿಸಿಕೊಡಿ.

ತಂಗಿ ದರ್ಜಿ. ದಾರವನ್ನು ಹಲ್ಲಿನಿಂದಲೇ ಕಡಿಯುವುದು ಅವಳ ಅಭ್ಯಾಸ. ಹೋದ ವರ್ಷ ಅಂಗುಳದಲ್ಲಿ ಕಡಲೆಕಾಳಿನಷ್ಟು ಗಂಟು ನಾಲಗೆಗೆ ತಾಕಿದಾಗ, ಬಾಯಲ್ಲಿಟ್ಟುಕೊಂಡ ಸೂಜಿ ಚುಚ್ಚಿರಬೇಕೆಂದು ಸುಮ್ಮನಾದಳು. ನೋವೇ ಇರಲಿಲ್ಲ. ಕೊನೆಗೆ ಚೂರು ತೆಗೆದು ಪರೀಕ್ಷಿಸಿದ ವೈದ್ಯರು ವಿವರಿಸಿದರು: ಬಾಯಿಯ ಒಳಪೊರೆಯಡಿ ಲಾಲಾರಸ ಒಸರುವ ಸಣ್ಣ ಸಣ್ಣ ಗ್ರಂಥಿಗಳಿರುತ್ತವೆ, ಅವುಗಳಲ್ಲೊಂದಕ್ಕೆ ಹತ್ತಿದ ಅಪರೂಪದ ಕ್ಯಾನ್ಸರ್ ಇದು. "ಇದಕ್ಕೆ ತಂಬಾಕಿನ ನಂಟು ಹುಡುಕ್ಬೇಡಿ. ಬೇಗ ತೆಗೆದ್ರೆ ಮೇಲ್ದವಡೆ ಉಳಿಸ್ಬಹುದು," ಎಂದರು.

ನಿಮ್ಮ ಅರ್ಜಿಯ ಒಂಬತ್ತನೇ ಕಲಮು 'ತಂಬಾಕು ಎಷ್ಟು ವರ್ಷದಿಂದ?' ಎನ್ನುತ್ತದೆ. ತಿನ್ನುತ್ತೀರಾ ಎಂದು ಕೇಳುವ ಸೌಜನ್ಯವೂ ಅದಕ್ಕಿಲ್ಲ. 'ಇಲ್ಲ' ಎಂದು ಬರೆದ ಅರ್ಜಿ 'ಅಪೂರ್ಣ' ಎಂಬ ಮುದ್ರೆ ಹೊತ್ತು ಮೂರು ಬಾರಿ ವಾಪಸು ಬಂತು. ಲಗತ್ತಿಸಿದ ವರದಿಯನ್ನು ನಿಮ್ಮಲ್ಲಿ ಒಬ್ಬರಾದರೂ ಓದಿದರೇ? ನಿಮ್ಮ ಗುಮಾಸ್ತರು ಕಿಟಕಿಯಿಂದ ತಲೆ ಹೊರಹಾಕಿ, "ಯಜಮಾನ್ರೇ, ಹತ್ತು ವರ್ಷ ಅಂತ ಬರೀರಿ. ನಿಮ್ಮ ಗಂಟೇನು ಹೋಗುತ್ತೆ?" ಎಂದರು.

ತಂಗಿ ಒಪ್ಪಲಿಲ್ಲ. "ತಿನ್ನದೇ ಇರೋದನ್ನ ತಿಂದೆ ಅಂತ ನಾನ್ಯಾಕೆ ಹೇಳ್ಲಿ?" ಅವಳ ಬೆನ್ನ ಹಿಂದೆ ನಾನೇ ಬರೆದೆ. ಹತ್ತು ವರ್ಷ! ಹನ್ನೊಂದು ವಾರ ಕದಲದ ಕಡತ ಮೂರೇ ದಿನಕ್ಕೆ ಮಂಜೂರಾಯಿತು, ಜೊತೆಗೇ ಆ ತರಗತಿಯ ಆದೇಶವೂ ಬಂತು. ಅದನ್ನೋದಿ ತಂಗಿ ಕತ್ತರಿ ಕೆಳಗಿಟ್ಟಳು. "ಅಣ್ಣಾ, ನೀನೂ ಅವರ ಥರಾನೇ ಬರೆದ್ಯಾ?" ಎಂದಳು. ಅದಕ್ಕೇ ಈ ಪತ್ರ ಬರೆಯಲು ಕುಳಿತೆ.

ಗಂಟು ಈಗ ಗೋಲಿಯಷ್ಟಾಗಿದೆ. ಪ್ರತಿ ತುತ್ತನ್ನೂ ಅವಳು ಕಣ್ಣು ಮುಚ್ಚಿಕೊಂಡು ನುಂಗುತ್ತಾಳೆ. ವೈದ್ಯರು ಶಸ್ತ್ರಚಿಕಿತ್ಸೆಗೆಂದು ಇದೇ ಗುರುವಾರವನ್ನು ಅವಳಿಗಾಗಿ ಕಾದಿರಿಸಿದ್ದಾರೆ. ಸುಳ್ಳು ಬರೆದದ್ದಕ್ಕೆ ನನ್ನ ಮೇಲೆ ಕ್ರಮ ಜರುಗಿಸಿ, ಬೇಡವೆನ್ನುವುದಿಲ್ಲ. ಆದರೆ ಆ ಆದೇಶವನ್ನು ಇಂದೇ ರದ್ದುಮಾಡಿ. ಒಂಬತ್ತನೇ ಕಲಮಿನಲ್ಲಿ 'ಇಲ್ಲ' ಎಂಬ ಉತ್ತರಕ್ಕೂ ಜಾಗ ಮಾಡಿ. ಗುರುವಾರ ತಪ್ಪಿ ಅವಳ ದವಡೆ ಹೋದರೆ, ಆ ನಷ್ಟವನ್ನು ಎಷ್ಟನೇ ಕಲಮಿನಲ್ಲಿ ತುಂಬುತ್ತೀರಿ?

ಇಂತಿ,
ನಿಮ್ಮಲ್ಲಿ ವಿಶ್ವಾಸ ಉಳಿಯದ,
ತಂಗಿಗೆ ಇಲ್ಲದ ಚಟವನ್ನು ಕೈಯಾರೆ ಅಂಟಿಸಿದ ಅಣ್ಣ